ಕಾಶವ್ವ ಕಟ್ಟಿದ ಓಣಿ

ಮಿಸೌರಿ ಸಿಟಿಯ ತಮ್ಮ ಓಣಿಯನ್ನು ಕಟ್ಟಿದವಳು ತಾನೇ ಎಂದು ಕಾಶವ್ವ ನಂಬಿಕೊಂಡು ಬಹಳ ವರ್ಷಗಳಾಗಿದ್ದವು. ಇಟ್ಟಿಗೆ ಇಟ್ಟವರು ಬೇರೆ, ಆ ಮಾತು ಬಿಡಿ. ಅವಳೂ ಗಂಡ ಶಿವಪುತ್ರಪ್ಪನವರೂ ವಿಜಯಪುರದ ಕಡೆಯಿಂದ ಬಂದು ಮನೆ ಮಾಡಿದಾಗ ಸುತ್ತ ಹುಲ್ಲೇ ಹುಲ್ಲು. ಪ್ರತಿ ಐತವಾರ ಬೆಳಿಗ್ಗೆ ಅವರ ಮನೆಯಲ್ಲಿ ಎಲ್ಲರೂ ಕೂಡಿ ಲಿಂಗಪೂಜೆ. ಪೂಜೆ ಮುಗಿಯುವವರೆಗೆ ಬಾಯಿಗೆ ಒಂದು ಹನಿ ಚಹಾ ಬೀಳಬಾರದು, ಅದು ಕಾಶವ್ವನ ಕಟ್ಟಪ್ಪಣೆ. ದೂರದವರು ಶನಿವಾರವೇ ಬಂದು ಹಾಲ್‌ನಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಅದೇ ಓಣಿಯಲ್ಲಿ ಮನೆ ಕೊಂಡರು. "ನನ್ನ ಭಕ್ತಿ ನೋಡಿ ಬಂದಾರ" ಎಂದು ಅವಳು ಗಂಡನ ಮುಂದೆ ಹೇಳಿಕೊಳ್ಳುತ್ತಿದ್ದಳು. ಅವರು ಈಗಿಲ್ಲ. ಇದ್ದಾಗಲೂ ಆ ಮಾತಿಗೆ ಹೂಂ ಎಂದವರಲ್ಲ.

ಈಗ ಪೂಜೆಗೆ ಕೂಡುವವರೇ ಕಟ್ಟಿಕೊಂಡ ಸಂಘದ ಕಾರ್ಯದರ್ಶಿ ಶಶಿಕಾಂತ್, ಪೂಜೆಯನ್ನು ದೂರದ ಎನರ್ಜಿ ಕಾರಿಡಾರ್ ಎಂಬ ಆಫೀಸು ಬಡಾವಣೆ ಕಡೆಯ ಬಾಡಿಗೆ ಸಭಾಗೃಹಕ್ಕೆ ಶಿಫ್ಟ್ ಮಾಡೋಣ ಎಂದು ಹಟ ಹಿಡಿದಿದ್ದ. ಕಾಶವ್ವನಿಗೆ ಡ್ರೈವ್ ಮಾಡಲು ಬಾರದು. ಐತವಾರ ಹೋಯಿತೆಂದರೆ ಅವಳಿಗೆ ವಾರವೇ ಹೋದಂತೆ.

ಹೀಗಿರುವಾಗ ಸಂಘದವರೆಲ್ಲ ಬಸ್ಸು ಮಾಡಿಕೊಂಡು ಆಸ್ಟಿನ್ ಆಚೆಯ ಫ್ರೆಡರಿಕ್ಸ್‌ಬರ್ಗ್ ಎಂಬ ಹಳೆಯ ಊರು ನೋಡಲು ಹೋದರು. ಅಲ್ಲಿ ಒಂದೇ ಕೋಣೆಯ ಪುಟ್ಟ ಮನೆಗಳಿದ್ದವು. ಹಿಂದೆ ಜರ್ಮನಿಯಿಂದ ಬಂದು ದೂರದ ಹೊಲಗಳಲ್ಲಿ ನೆಲೆಸಿದವರು ಶನಿವಾರ ಬಂದು ಇಲ್ಲಿ ಉಳಿದು, ಐತವಾರ ಚರ್ಚಿಗೆ ಹೋಗಿ ಮರಳುತ್ತಿದ್ದರಂತೆ. ಪಕ್ಕದ ಮನೆಯ ವಿದ್ಯಾವತಿ ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಕಾಶವ್ವ ಪೂರಿಯಂತೆ ಉಬ್ಬಿದಳು. ಬಸ್ಸು ಹತ್ತಿದವಳೇ ಶುರುವಿಟ್ಟಳು.

"ಕೇಳಿದ್ರೇನ್ರಿ? ನಾನೂ ಇದನ್ನ ಮಾಡಿದ್ದು! ನನ್ನ ಪೂಜಿ ಇಲ್ದಿದ್ರ ನಮ್ಮ ಓಣಿ ಎಲ್ಲಿತ್ತು? ಪೂಜಿ ನಮ್ಮನ್ಯಾಗೇ ಇರಲಿ."

ವಿದ್ಯಾವತಿ ನಗು ತಡೆಯಲಾರದೆ ಹೇಳಿದಳು: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಚಾ ಇಲ್ದ ನನಗ ತಲಿ ಸಿಡೀತದ. ನಿಮ್ಮ ಹಾಲ್‌ನಾಗ ಮಲಗಿದ್ರ ಎಲ್ಲಿ ಕುಡೀಲಿ? ಬಾಜೂಕ ಮನಿ ತಗೊಂಡ್ರ, ಕುಡದು ಬಾಯಿ ಒರಸ್ಕೊಂಡು ಬರಬಹುದಲ್ಲ!"

"ನಾವೂ ಅದಕ್ಕ ತಗೊಂಡಿದ್ದು," ಹಿಂದಿನ ಸೀಟಿನಿಂದ ಅದೇ ಓಣಿಯ ಲಿಂಗರಾಜು ಕೂಗಿದ.

"ಅಯ್ಯ ಶಿವನ! ನಮ್ಮ ಮನಿಯವರು ಇದ್ದಿದ್ರ ನಿಮಗೆಲ್ಲ ಬುದ್ಧಿ ಹೇಳ್ತಿದ್ರು."

"ಅವರಾ?" ಅಂದಳು ವಿದ್ಯಾವತಿ. "ಐತವಾರ ಪೇಪರ್ ತರ್ತೀನಂತ ಹೊರಗ ಬೀಳ್ತಿದ್ರಲ್ಲ, ಬರ್ತಿದ್ದದ್ದು ನಮ್ಮ ಅಡಗಿಮನಿಗೆ. ಎರಡು ಚಮಚ ಸಕ್ಕರಿ ಬೇಕಿತ್ತು."

ಅಂದರೆ ಓಣಿ ಕಟ್ಟಿದ್ದು ಇವರ ಚಹಾದ ಚಟ. ಖಾಲಿ ಹೊಟ್ಟೆಯಲ್ಲಿ ಕೂತು ಎಲ್ಲರಿಗೂ ಕಣ್ಣು ಬಿಡುತ್ತಿದ್ದ ದಡ್ಡಿ ತಾನೊಬ್ಬಳೇ! ಕಾಶವ್ವನಿಗೆ ಅಳು ಬರಬೇಕಿತ್ತು. ಬಂದದ್ದು ನಗು, ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ.

ಶಶಿಕಾಂತ್ ಮೆಲ್ಲಗೆ ಅಂದ: "ಹೊಸಬರು ನಿಮ್ಮನಿಗೆ ಬರಾಕ ಹೆದರೋದೂ ಇದಕ್ಕ ರೀ."

ಅವಳು ಕಣ್ಣೊರೆಸಿಕೊಂಡಳು. "ಹಂಗಾದ್ರ ಬರೂ ಐತವಾರ ನಮ್ಮನ್ಯಾಗ ಮೊದಲು ಚಾ, ಆಮ್ಯಾಲ ಪೂಜಿ. ಆಗಬಹುದಾ?"

"ಎರಡು ಚಮಚ ಸಕ್ಕರಿ ಹಾಕ್ತೀರೇನ್ರಿ?" ಶಶಿಕಾಂತ್ ನಗುತ್ತ ಕೇಳಿದ.

"ಮೂರು ಹಾಕ್ತೀನಪ್ಪ. ನೀವು ಎಲ್ಲೂ ಹೋಗಬ್ಯಾಡ್ರಿ."