ಧೈರ್ಯ ಹೇಳುವವರ ಕಾಟ

ಎಲ್ಲವೂ ಒಳ್ಳೆಯದೇ ಆಗುತ್ತದೆ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥವರು ಎದುರಾದರೆ ದಾರಿ ಬಿಟ್ಟು ಗದ್ದೆಗೆ ಇಳಿದುಬಿಡುತ್ತೇನೆ. ಕಾಲು ಕೆಸರಾದರೂ ಅಡ್ಡಿಯಿಲ್ಲ. ಇದನ್ನು ನನ್ನ ದುಷ್ಟತನ ಎನ್ನುವಿರೇನೋ. ಆದರೆ ಒಂದು ಕಾಲಕ್ಕೆ ನಾನೂ ಅವರ ಪೈಕಿಯೇ, ಅದೂ ಅಂಥವರ ಸಂಘವೊಂದರ ಕಾರ್ಯದರ್ಶಿ. ಈ ಕಾಯಿಲೆಯಲ್ಲಿ ಮಲಗಿ ಎದ್ದವನ ಮಾತು ಇದು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಕುಂದಾಪುರದ ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿದ್ದೆ. ಆಗ ಅನಂತಯ್ಯ ಎಂಬವರು ಬೊಂಬಾಯಿಯ ನೌಕರಿಯಿಂದ ನಿವೃತ್ತರಾಗಿ ಊರಿಗೆ ಬಂದರು. ಜೊತೆಗೆ ಬಂದದ್ದು ಒಂದು ನಿಲುವುಗನ್ನಡಿ ಮತ್ತು ಮನೋಬಲದ ಮೇಲಿನ ಒಂದು ಟ್ರಂಕು ಇಂಗ್ಲಿಷ್ ಪುಸ್ತಕ. ಮನಸ್ಸಿನಲ್ಲಿ ನೆನೆದದ್ದೇ ಬದುಕಿನಲ್ಲಿ ನಡೆಯುತ್ತದೆ, ಆದ್ದರಿಂದ 'ಇಲ್ಲ' ಎಂಬ ಮಾತನ್ನು ನಾಲಗೆ ಆಡಕೂಡದು ಎಂಬುದು ಅವರ ಸಿದ್ಧಾಂತ. ಅದು ರೇಶನ್ನಿನ ಕಾಲ. ಪೇಟೆಯಲ್ಲಿ ಸೀಮೆಎಣ್ಣೆಗೆ ಬರ. ಸಂಜೆ ಅವರ ಜಗಲಿಯಲ್ಲಿ ನಾವು ಹತ್ತು ಮಂದಿ ವಿದ್ಯಾವಂತರು ಸಂಘ ಕಟ್ಟಿಕೊಂಡು ದೀಪವಿಲ್ಲದೆ ಕೂತು, 'ಬೆಳಕು ಬರುತ್ತಿದೆ' ಎಂದು ಒಟ್ಟಾಗಿ ಹೇಳುತ್ತಿದ್ದೆವು. ಹೊರಡುವಾಗ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ ಹೋಗುತ್ತಿತ್ತು, ಅಷ್ಟೇ.

ಪಂಡಿತನಾದ ನನಗಾದರೂ ಬುದ್ಧಿ ಬೇಡವೇ? ನಮ್ಮ ಭಾಷೆಯಲ್ಲಿ ನಿಷೇಧಕ್ಕೆಂದೇ ಒಂದು ಕ್ರಿಯಾರೂಪವಿದೆ. ಬಾರನು, ಕೊಡನು, ಅರಿಯೆನು. ಗೊತ್ತಿಲ್ಲದ್ದನ್ನು ಒಂದೇ ಪದದಲ್ಲಿ ಮರ್ಯಾದೆಯಿಂದ ಒಪ್ಪಿಕೊಳ್ಳುತ್ತಿದ್ದ ಜನ ನಾವು. ಅದನ್ನೇ ಮಕ್ಕಳಿಗೆ ಹಗಲಿಡೀ ಕಲಿಸಿ, ಸಂಜೆ ಅನಂತಯ್ಯನವರ ಕನ್ನಡಿಯ ಮುಂದೆ ನಿಂತು, ನಗುವ ಅಭ್ಯಾಸವೆಂದು ಹಲ್ಲು ಬಿಡುತ್ತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಮನೆಯಲ್ಲಿ ನನ್ನ ತಂಗಿ ಕಾವೇರಿ ಇದ್ದಳು. ಅವಳ ಗಂಡ, ನನ್ನ ಭಾವ, ರಂಗೂನಿನ ಹೋಟೆಲೊಂದರಲ್ಲಿ ಅಡಿಗೆಯವರು. ಅಲ್ಲಿ ಬಾಂಬು ಬಿದ್ದ ಸುದ್ದಿ ಬಂದ ಮೇಲೆ ಅವರ ಕಾಗದ ಬರುವುದು ನಿಂತಿತು. ಕಾವೇರಿಯ ಕಣ್ಣು ತುಂಬಿದಾಗಲೆಲ್ಲ ನಾನು ಬೆರಳೆತ್ತಿ, "ಕೆಟ್ಟದ್ದ್ ನೆನೀಬೇಡ, ಅವ್ರ್ ಬಂದೇ ಬತ್ರ್ ಅಂತ ಹೇಳ್" ಎನ್ನುತ್ತಿದ್ದೆ. ಅವಳು ಹೇಳುತ್ತಿದ್ದಳು. ನಾಲ್ಕು ತಿಂಗಳು ಹೇಳಿದಳು. ಒಂದು ದಿನ ಒಲೆಯ ಮುಂದಿನಿಂದ ಎದ್ದು ಬಂದು ನನ್ನೆದುರು ನಿಂತಳು.

"ಅಣ್ಣ, ನಂಗೆ ಹೆದ್ರಿಕಿ ಆತ್ತ್. ಅದನ್ನ ಹೇಳುಕೂ ಆಗ್ದಾ? ಅವ್ರ್ ಎಲ್ಲಿದ್ರ್ ಅಂತ ಕೇಂಬುಕೆ ಒಂದ್ ದಿನ ಆರೂ ನೀ ಹೋಯ್ದ್ಯಾ? ಕನ್ನಡಿ ಎದ್ರ್ ನಿಂತ್ರೆ ನಿನ್ನ ಮುಖವೇ ಕಾಂಬುದ್, ಅವ್ರದ್ದಲ್ಲ."

ಮರುದಿನದಿಂದ ಅವಳೇ ಹೊರಟಳು. ಅಂಚೆ ಕಚೇರಿ, ದೋಣಿ ತಂಗುವ ಕಡವು, ಬಸ್ಸು ನಿಲ್ಲುವ ಕಟ್ಟೆ. ಬರ್ಮಾದಿಂದ ಬಂದವರು ಎಲ್ಲಿದ್ದಾರೆಂದರೂ ಅಲ್ಲಿಗೆ ಹೋಗಿ ಕೇಳಿದಳು. ಕೊನೆಗೆ ಬೈಂದೂರಿನಲ್ಲಿ ಒಬ್ಬರು, "ಕಲ್ಕತ್ತೆ ಆಸ್ಪತ್ರೆ ಒಳ್ಗೆ ಅವ್ರನ್ನ ನಾನೇ ಕಂಡಿದೆ, ಮಾತಾಡುಕೂ ತ್ರಾಣ ಇರ್ಲಿಲ್ಲೆ" ಎಂದರು. ನಾನಿಲ್ಲಿ ಧೈರ್ಯವಾಗಿ ಕೂತಿದ್ದಾಗ ಭಾವ ಬರ್ಮಾದ ಕಾಡುದಾರಿ ನಡೆದು ಬಂದು ಅಲ್ಲಿ ಜ್ವರದಲ್ಲಿ ಮಲಗಿದ್ದರು.

ರಜೆ ಹಾಕಿ ಹೋಗಿ ಕರೆತಂದೆ. ಕಾಲಿನ ಎರಡು ಬೆರಳನ್ನು ಅವರು ಅಲ್ಲೇ ಬಿಟ್ಟು ಬಂದರು. ರೈಲಿನಲ್ಲಿ ಮೂರು ಸಲ ಏನನ್ನೋ ಹೇಳಲು ಬಾಯಿ ತೆರೆದರು. ಮೂರು ಸಲವೂ ನಾನು, "ಅದೆಲ್ಲ ಮರ್ತ್ಬಿಡಿ ಭಾವ" ಎಂದೆ. ಹಳೆಯ ಚಟ.

ಅವರು ಮನೆ ಸೇರಿದ ವಾರಕ್ಕೆ ಅನಂತಯ್ಯ ಬಂದರು. ಕಾಪಿ ಕುಡಿದು, "ಕಂಡಿರಾ ನಮ್ಮ ಸಂಘದ ಸಂಕಲ್ಪದ ಫಲ!" ಎಂದು ಭಾವನ ಬೆನ್ನು ತಟ್ಟಿದರು.

"ಹ್ವಾಯ್, ರಂಗೂನಿನ ನಮ್ಮ ಹೋಟ್ಲಿನ ಧನಿಯೂ ಹೀಂಗೇ ಹೇಳ್ತಿದ್ರ್, ಎಂತದೂ ಆತಿಲ್ಲೆ ಅಂತ" ಎಂದರು ಭಾವ. "ಅವ್ರ್ ಅಲ್ಲೇ ಉಳ್ದ್ರ್, ಬಾಂಬ್ ಬಿತ್ತ್. ನಂಗೆ ಹೆದ್ರಿಕಿ ಆಯ್ತ್, ಹೊರ್ಟೆ. ಹಾಂಗಾಯಿ ಬದ್ಕ್ದೆ."

ಅನಂತಯ್ಯನವರ ನಗು ಮಾಸಲಿಲ್ಲ. "ದಾರಿಯಲ್ಲಿ ಸತ್ತವರೂ ಇದ್ದಾರಲ್ಲ. ಅವರಿಗೆ ಮನೋಬಲ ಸಾಲಲಿಲ್ಲ. ನಿಮಗಿತ್ತು, ನೀವು ಬಂದಿರಿ."

ಈ ವಿದ್ಯೆಯ ನಿಜವಾದ ಹೊಲಸು ನನಗೆ ಕಂಡದ್ದು ಆಗಲೇ. ಬದುಕಿ ಬಂದವನ ಕೀರ್ತಿ ಸಂಘಕ್ಕೆ. ಸತ್ತರೆ ತಪ್ಪು ಸತ್ತವನದ್ದು.

ಭಾವ ಅವರತ್ತ ತಿರುಗಿ ಕೂತರು. "ಕೊಕ್ಕರ್ಣೆಯ ನಾಗಪ್ಪ ಅಂತ, ನನ್ನ ಒಟ್ಟಿಗೆ ಕೆಲ್ಸ ಮಾಡ್ತಿದ್ದ. ನನ್ನ ಹೊತ್ಕಂಡ್ ಹೊಳೆ ದಾಟ್ಸ್ದವ ಅವ. ಅವ್ನಷ್ಟ್ ಗಟ್ಟಿ ಮನ್ಸ್ ಯಾರಿಗೂ ಇರ್ಲಿಲ್ಲೆ. ವಾಂತಿಭೇದಿ ಆಯಿ ಎರಡೇ ದಿನಕ್ಕೆ..." ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ರೈಲಿನಲ್ಲಿ ನಾನು ಮೂರು ಸಲ ತಡೆದದ್ದು ಇದನ್ನೇ.

ಕಾವೇರಿ ಅನಂತಯ್ಯನವರ ಮುಂದಿನ ಲೋಟ ಎತ್ತಿಕೊಂಡಳು. "ಕಾಪಿ ಕುಡ್ದಾಯ್ತಲ್ದಾ? ಇನ್ನ್ ನೀವ್ ಹೊರ್ಡಿ."

ಆಮೇಲೆ ಗಂಡನ ಹತ್ತಿರ ಕೂತು ಕೇಳಿದಳು: "ನಾಗಪ್ಪನ ಮನಿಯವ್ರಿಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ.

ಮರುದಿನವೇ ನಾವು ಮೂವರೂ ಕೊಕ್ಕರ್ಣೆಗೆ ಹೋದೆವು. ನಾಗಪ್ಪನ ಹೆಂಡತಿ ಅಂಗಳದಲ್ಲಿ ಭತ್ತ ಹರಡುತ್ತಿದ್ದಳು. ಕೋಲೂರಿಕೊಂಡು ಬಂದ ಭಾವನನ್ನು ಕಂಡೇ ಅವಳಿಗೆ ಅರ್ಧ ತಿಳಿದಿರಬೇಕು. ಕೈಯ ಭತ್ತವನ್ನು ಅಲ್ಲೇ ಬಿಟ್ಟಳು. ಭಾವ ಜಗಲಿಯ ಮೇಲೆ ಕೂತು, ಹೊಳೆ, ಕಾಡು, ಕಾಯಿಲೆ, ಹೂತ ಜಾಗ ಎಲ್ಲವನ್ನೂ ಒಂದನ್ನೂ ಬಿಡದೆ ಹೇಳಿದರು. ಕೊನೆಗೆ ಅವಳು ಕೇಳಿದ್ದು ಎರಡೇ ಮಾತು.

"ಪ್ರಾಣ ಹೋಪತಿಗೆ ನೀರ್ ಕೇಂಡ್ರಾ?"

"ಕೇಂಡ."

"ಕೊಟ್ರ್ಯಾ?"

"ಕೊಟ್ಟೆ."

"ಸಾಕ್" ಎಂದು ಅವಳು ಕಂಬಕ್ಕೆ ಒರಗಿ ಅತ್ತಳು. ಕಾವೇರಿ ಅವಳ ಕೈ ಹಿಡಿದು ಕೂತಳು. ಅಳಬೇಡ ಎಂದು ಯಾರೂ ಹೇಳಲಿಲ್ಲ.

ಅವಳಿಗೆ ಹೇಳಲೆಂದು ನಾನು ದಾರಿಯುದ್ದಕ್ಕೂ ನಾಲ್ಕು ಒಳ್ಳೆಯ ಮಾತು ಜೋಡಿಸಿಕೊಂಡು ಹೋಗಿದ್ದೆ. ನಾಲ್ಕನ್ನೂ ಹಾಗೆಯೇ ವಾಪಸು ತಂದೆ. ಯುದ್ಧಕಾಲದಲ್ಲಿ ನಾನು ಲೋಕಕ್ಕೆ ಮಾಡಿದ ಉಪಕಾರ ಅದೊಂದೇ.