ಫಲಾಹಾರ ಮತ್ತು ತುಪ್ಪದ ಅಪವಾದ

ನನ್ನ ಅಕ್ಕ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಗುಬ್ಬಿಯ ನಮ್ಮ ಮನೆಗೆ ಮರಳಿದವಳು. ಮಡಿಯುಟ್ಟು ದೇವರಿಗೂ ಪಿತೃಗಳಿಗೂ ಅಡುಗೆ ಮಾಡುವುದೇ ಅವಳಿಗೆ ಉಳಿದಿದ್ದ ಗೌರವ. ನೈವೇದ್ಯಕ್ಕೆ ಮುನ್ನ ಉಪ್ಪನ್ನು ಕೂಡ ನಾಲಿಗೆಗೆ ತಾಗಿಸಿ ನೋಡದವಳ ಮೇಲೆ ಕಳ್ಳತನದ ಅಪವಾದ ಹೊರಿಸಿದರಲ್ಲ, ಅದು ನೆನಪಾದರೆ ಇಂದಿಗೂ ಸಂಧ್ಯಾವಂದನೆಯ ನಡುವೆಯೇ ನನ್ನ ಮನಸ್ಸು ಕದಡುತ್ತದೆ.

ಎಂಬತ್ತರ ದಶಕದ ಆರಂಭದಲ್ಲಿ ಅವಳಿಗೆ ಭೀಕರ ಹೊಟ್ಟೆನೋವು ಕಾಣಿಸಿಕೊಂಡಿತು. ತುಮಕೂರಿನಲ್ಲಿ ರಕ್ತ ತೆಗೆದು ಇಟ್ಟರೆ, ಮೇಲೆ ಹಾಲಿನಂತೆ ಬಿಳಿಯ ಕೊಬ್ಬು ನಿಂತಿತು. ಟ್ರೈಗ್ಲಿಸರೈಡ್ ಎಂಬ ಹೆಸರನ್ನು ನಾವು ಕೇಳಿದ್ದು ಅಂದೇ. ಮಾತ್ರೆ ಕೊಟ್ಟರು, ಎಣ್ಣೆ ತುಪ್ಪ ಬಿಡಿಸಿದರು. ಅಕ್ಕ ಅದನ್ನು ವ್ರತದಂತೆ ಪಾಲಿಸಿದಳು. ಆದರೂ ಕೊಬ್ಬು ಇಳಿಯಲಿಲ್ಲ, ನೋವು ಮರಳಿತು.

“ರಕ್ತ ಸುಳ್ಳು ಹೇಳಲ್ಲಮ್ಮ. ನೀವು ತುಪ್ಪ ಬಿಟ್ಟಿಲ್ಲ,” ಎಂದರು ವೈದ್ಯರು.

ಕುಣಿಗಲಿನ ಸೋದರತ್ತೆಗೆ ಅಷ್ಟು ಸಾಕಾಯಿತು. “ಒಪ್ಪತ್ತು ಊಟದೋಳಂತೆ! ಒಲೆ ಮುಂದೆ ಒಬ್ಳೇ ಇರ್ತಾಳೆ, ಮಿಳ್ಳೆ ತುಪ್ಪ ಎಲ್ಲಿಗ್ ಹೋಗುತ್ತೋ ಯಾರ್ ಕಂಡ್ರು?”

ಆ ಮಾತು ನಂಬಿ ಮನೆಯ ಹಿರಿಯರು ಆ ವರ್ಷ ತಂದೆಯವರ ತಿಥಿಯ ಅಡುಗೆಗೆ ಬೇರೆಯವರನ್ನು ಕರೆಸಿದರು. ಅಕ್ಕ ಹಿತ್ತಲ ಬಾಗಿಲಲ್ಲಿ ಕುಳಿತಿದ್ದಳು. ವಿಚಾರಿಸದೆ ತೀರ್ಪು ಕೊಡುವುದು ಯಾವ ಧರ್ಮ?

ತುಮಕೂರಿನಲ್ಲೇ ಶಿರಾ ಗೇಟ್ ಬಳಿಯ ಇನ್ನೊಬ್ಬ ವೈದ್ಯರಲ್ಲಿಗೆ ಅವಳನ್ನು ನಾನೇ ಕರೆದೊಯ್ದೆ. ಅವರು ಬೈಯಲಿಲ್ಲ, ಕೇಳಿದರು.

“ರಾತ್ರಿ ಏನ್ ತಗೋತೀರಮ್ಮ?”

“ರಾತ್ರಿ ಊಟ ಇಲ್ಲಪ್ಪ.”

“ಬರೀ ಹೊಟ್ಟೇಲಿ ಮಲಗ್ತೀರಾ?”

“ಛೆ, ಫಲಾಹಾರ ಆಗುತ್ತಲ್ಲ. ಬೆಲ್ಲ ಕಾಯಿ ಕಲಸಿದ ಅವಲಕ್ಕಿ, ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು.”

ನಮ್ಮಲ್ಲಿ ಫಲಾಹಾರವನ್ನು ಊಟವೆಂದು ಎಣಿಸುವುದಿಲ್ಲ. ಊಟದ ಬಗ್ಗೆ ಕೇಳಿದವರಿಗೆ ಅವಳು ಊಟವನ್ನಷ್ಟೇ ಹೇಳಿದ್ದಳು. ಅಲ್ಲಿಯವರೆಗೆ ಒಬ್ಬರಾದರೂ ಇನ್ನೊಂದು ಪ್ರಶ್ನೆ ಕೇಳಬಾರದಿತ್ತೇ?

ನಮ್ಮ ತಾಯಿಯೂ ಅಂಥದೇ ನೋವಿನಲ್ಲಿ ತೀರಿಕೊಂಡದ್ದನ್ನು ತಿಳಿದ ವೈದ್ಯರು, “ಇದು ಹುಟ್ಟಿನಿಂದ್ಲೇ ಬಂದಿರೋ ಹಾಗಿದೆ. ಬರೀ ಮಾತ್ರೆಗೆ ಬಗ್ಗಲ್ಲ. ತುಪ್ಪದ ಜೊತೆಗೆ ಬೆಲ್ಲ, ಸಕ್ಕರೆ, ಕಾಯಿನೂ ಬಿಡಿ,” ಎಂದರು. ಬಿಟ್ಟಳು. ಕೊಬ್ಬು ಪೂರ್ತಿ ಹೋಗಲಿಲ್ಲ, ತಗ್ಗಿತು. ನೋವು ಮತ್ತೆ ಬರಲಿಲ್ಲ.

ಮುಂದಿನ ತಿಥಿಗೆ ಅಕ್ಕನೇ ಅಡುಗೆ ಮಾಡಬೇಕೆಂದು ನಾನು ಹಟ ಹಿಡಿದೆ. ಸೋದರತ್ತೆಯೂ ಬಂದರು, ನಡೆದದ್ದೆಲ್ಲ ತಿಳಿದಿದ್ದರೂ ತಪ್ಪಾಯಿತೆಂಬ ಒಂದು ಮಾತಿಲ್ಲ. ಎಲೆಯ ಮುಂದೆ ಕುಳಿತ ಅವರ ಅನ್ನದ ಮೇಲೆ ಅಕ್ಕ ಮಿಳ್ಳೆಯಿಂದ ತುಪ್ಪ ಬಡಿಸಿದಳು. ಅತ್ತೆ ಕೈ ಅಡ್ಡ ಹಿಡಿಯಲಿಲ್ಲ. ಅಕ್ಕ ಸುರಿಯುತ್ತಲೇ ಇದ್ದಳು.

“ಸಾಕು ಅಂತೀರಾ ಅತ್ತೆ, ಇಲ್ಲ ಮಿಳ್ಳೇನ ಎಲೆ ಪಕ್ಕದಲ್ಲೇ ಇಟ್ಬಿಡ್ಲಾ?”

ಪಂಕ್ತಿಯಲ್ಲಿ ಯಾರೂ ನಗಲಿಲ್ಲ. ನಾನು ನಕ್ಕೆ.