ಸಿದ್ದಲಿಂಗಮ್ಮನ ಎರಡನೆಯ ಸೂಜಿ

ಕಿಕ್ಕೇರಿಯಲ್ಲಿ ಮೂರು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಸಿದ್ದಲಿಂಗಮ್ಮ ನನ್ನ ವಾರಗಿತ್ತಿ. ಹೋದ ವರ್ಷ ಅವಳಿಗೆ ಎದೆಯಲ್ಲೊಂದು, ಕಂಕುಳಲ್ಲೊಂದು ಗಂಟು ಕಾಣಿಸಿತು. ಮೈಸೂರಿನ ಆಸ್ಪತ್ರೆಯಲ್ಲಿ ಎದೆಯ ಗಂಟಿಗೆ ಸೂಜಿ ಹಾಕಿ, ಚೂರು ತೆಗೆದು ನೋಡಿ ಕ್ಯಾನ್ಸರ್ ಎಂದರು. ನಾಲ್ಕು ಸಲ ಔಷಧಿ ಏರಿಸಿದರು. ಎದೆಯ ಗಂಟು ಕರಗಿ ಹುಣಸೆಬೀಜದಷ್ಟಾಯಿತು. ಕಂಕುಳಿನದು ಮಾತ್ರ ಇನ್ನೂ ದಪ್ಪವಾಯಿತು.

"ಅದಕ್ಕೂ ಸೂಜಿ ಹಾಕಿ ನೋಡಬೇಕು," ಎಂದರು ಡಾಕ್ಟರ್ ಸುಧ.

ಸಿದ್ದಲಿಂಗಮ್ಮನ ಮಗ ಸಿದ್ದೇಶ ಹೌಹಾರಿದ. "ಬ್ಯಾಡಿ ಮೇಡಂ. ಚುಚ್ಚುದ್ರೆ ಮೈಗೆಲ್ಲ ಅರಡ್ತದಂತೆ. ಒಂದ್ಸಲ ನೋಡಿದ್ದೀರಲ್ಲ, ಎಲ್ಡೂ ಒಂದೇ ಕಾಯ್ಲೆ ತಾನೆ?"

ಜೊತೆಗೆ ಹೋಗಿದ್ದ ನನಗೂ ಹಾಗೇ ಅನಿಸಿತ್ತು.

"ಚುಚ್ಚಿದ್ರೆ ಹರಡಲ್ಲಪ್ಪ. ಕಾಯಿಲೆ ಒಂದೇ, ಆದ್ರೆ ಅದರ ಕಣಗಳೆಲ್ಲ ಒಂದೇ ಥರ ಇರಲ್ಲ. ಈ ಔಷಧಿಗೆ ಸಾಯೋವು ಸತ್ತಿವೆ. ಜಗ್ಗದಿರೋವು ಕಂಕುಳಲ್ಲಿ ಬೆಳೀತಿರಬಹುದು. ಅವು ಯಾವ ಥರದವು ಅಂತ ತಿಳೀದೆ ಏನು ಕೊಡಲಿ?"

ಸಿದ್ದಲಿಂಗಮ್ಮ ಮಗನ ಕಡೆ ತಿರುಗಿದಳು. "ಲೇ, ನಮ್ ಅಸ ಕೆಂಪಿಗೆ ಕೆಚ್ಲಬಾವು ಬಂದಾಗ ನಾನು ಒಂದು ಮೊಲೆ ಆಲು ನೋಡಿ ಸುಮ್ನಾದ್ನೇನ್ಲಾ? ನಾಕನ್ನೂ ಬ್ಯಾರೆ ಬ್ಯಾರೆ ಲೋಟಕ್ಕೆ ಕರ್ದು ನೋಡ್ನಿಲ್ವಾ? ಮೂರು ಚೆನ್ನಾಗಿದ್ದೊ, ನಾಕ್ನೇದ್ರಲ್ಲಿ ಆಲು ಒಡ್ದು ಗರಣೆ ಬಂತು."

"ಅಸ ಬ್ಯಾರೆ, ನೀನು ಬ್ಯಾರೆ ಕಣವ್ವ!"

"ಊಂ ಕಣ್ಲಾ, ನಾನು ಅಸ ಆಗಿದ್ರೆ ಇಷ್ಟೊತ್ಗೆ ಡಾಕ್ಟ್ರ ಮಾತು ಕೇಳಿರ್ತಿದ್ದೆ ನೀನು." ರವಿಕೆಯ ತೋಳು ಮೇಲೆತ್ತಿದಳು. "ಚುಚ್ಚಿ ಡಾಕ್ಟ್ರಮ್ಮ."

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಕಂಕುಳಿನ ಕಣಗಳ ಗುಣವೇ ಬೇರೆ. ಅಂಥವನ್ನೇ ಹುಡುಕಿ ಹೊಡೆಯುವ ಬೇರೆ ಇಂಜೆಕ್ಷನ್ನು ಇತ್ತು, ಅದನ್ನೂ ಸೇರಿಸಿದರು. ಮೂರನೆಯದು ಮುಗಿದ ಮೇಲೆ ಡಾಕ್ಟರು ಕಂಕುಳನ್ನು ಒತ್ತಿದರು, ಮತ್ತೆ ಒತ್ತಿದರು. "ಎಲ್ಲಿ, ಸಿಗ್ತಾನೇ ಇಲ್ಲ?"

"ನನ್ನ ಕೇಳ್ತೀರಾ? ನಿಮ್ಮ ಸೂಜಿಗೆ ಎದ್ರಿ ಓಡೋಯ್ತು!"

ಆಮೇಲೆ ಆಪರೇಷನ್ ಮಾಡಿ, ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳಿಸಿದರು. ಎರಡು ಕಡೆಯೂ ಜೀವವಿರುವ ಒಂದೇ ಒಂದು ಕ್ಯಾನ್ಸರ್ ಕಣ ಸಿಗಲಿಲ್ಲ. ಇನ್ನೂ ಕೆಲವು ತಿಂಗಳು ಇಂಜೆಕ್ಷನ್ನು ತಪ್ಪಿಸಬಾರದು ಎಂದರು. ಸಿದ್ದೇಶ ರಿಪೋರ್ಟು ಹಿಡಿದು ವರಾಂಡದಲ್ಲೇ ಗಳಗಳ ಅತ್ತುಬಿಟ್ಟ.

ಊರಿನ ಬಸ್ಸಿನಲ್ಲಿ ಸಿದ್ದಲಿಂಗಮ್ಮ ಕಿಟಕಿ ಪಕ್ಕ ಕುಳಿತು ಕಂಡಕ್ಟರನ್ನು ಕರೆದಳು. "ನಾನು ಗೆದ್ದೆ ಕಣಪ್ಪ!"

"ಯಾವ ಎಲೆಕ್ಷನ್ನವ್ವ? ಪಂಚಾಯ್ತೀದಾ?"

"ಅದ್ಕಿಂತ ದೊಡ್ಡದು ಕಣ್ಲಾ ಮಗ," ಎಂದಳು, ಹಿಂದಿನ ಸೀಟಿನವರೆಗೂ ಕೇಳುವ ಹಾಗೆ.